ಹೊಟ್ಟೆನೋವಿಗೊಂದು ಚಿತ್ರಪುಸ್ತಕ

ನಾನು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವನು. ಡಿ.ಫಾರ್ಮ ಮುಗಿಸಿ, ಊರಿನ ಮೆಡಿಕಲ್ ಅಂಗಡಿಯಲ್ಲಿ ಕೆಲವು ವರ್ಷ ನಿಂತು, ಆಮೇಲೆ ಯುಎಇಗೆ ವಿಮಾನ ಹತ್ತಿದವನು. ಮಕ್ಕಳ ಮನಸ್ಸಿನ ಬಗ್ಗೆ ಬರೆಯಲು ನನ್ನ ಬಳಿ ಯಾವ ಪದವಿಯೂ ಇಲ್ಲ. ಆದರೂ ಈ ವರ್ಷದ ಸಂಚಿಕೆಗೆ ಲೇಖನ ಕೊಡಿ ಎಂದು ಸಂಘದವರು ಕೇಳಿದಾಗ, ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಬರೆಯುವುದಕ್ಕಿಂತ ಇದನ್ನೇ ಬರೆಯಬೇಕು ಅನ್ನಿಸಿತು. ಯಾಕೆಂದರೆ ಔಷಧ ಕೊಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ನಾನು, ಸ್ವಂತ ಮಗಳಿಗೆ ಒಂದೂವರೆ ತಿಂಗಳು ಬೇಡದ ಔಷಧ ಕುಡಿಸಿದ್ದೆ.

2020ರ ಮಾತು. ಮಗಳಿಗೆ ಆಗ ನಾಲ್ಕೂವರೆ ವರ್ಷ. ಪುತ್ತೂರಿನ ಹತ್ತಿರ ನಮ್ಮ ಮನೆಯಲ್ಲಿ ಅವಳು, ಅವಳ ಅಮ್ಮ ಮತ್ತು ನನ್ನ ಅಮ್ಮ. ನಾನು ಶಾರ್ಜಾದಲ್ಲಿ, ನಾಲ್ಕು ಜನರ ಕೋಣೆಯ ಒಂದು ಬೆಡ್‌ಸ್ಪೇಸಿನಲ್ಲಿ. ಜನವರಿಯಲ್ಲಿ ರಜೆ ಮುಗಿಸಿ ಹೊರಡುವಾಗ "ಬಿಸು ಹಬ್ಬಕ್ಕೆ ಬರ್ತೇನೆ" ಎಂದು ಮಾತು ಕೊಟ್ಟಿದ್ದೆ. ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ಆಸ್ಪತ್ರೆಯಲ್ಲಿದ್ದ ನಮಗೆಲ್ಲ ರಜೆ ರದ್ದಾಯಿತು. ಆ ವರ್ಷ ಬಿಸು ಕಣಿ ನೋಡಿದ್ದು ಫೋನಿನ ಪರದೆಯಲ್ಲಿ.

ಅದಾಗಿ ಸ್ವಲ್ಪ ದಿನಕ್ಕೆ ಅವಳಿಗೆ ಹೊಟ್ಟೆನೋವು ಶುರುವಾಯಿತು. "ಎಲ್ಲಿ ನೋಯ್ತದೆ?" ಎಂದು ಕೇಳಿದರೆ ಹೊಕ್ಕುಳ ಸುತ್ತ ಕೈ ಆಡಿಸುವುದು. ನಾನು ಇಲ್ಲಿಂದಲೇ ಡಾಕ್ಟರಿಕೆ ಶುರು ಮಾಡಿದೆ. ಮೊದಲು ಓಮದ ನೀರು. ಆಮೇಲೆ ಗ್ಯಾಸಿಗೆ ಡ್ರಾಪ್ಸ್. ಆಮೇಲೆ ಹುಳದ ಔಷಧ. ಎರಡು ದಿನ ಕಡಿಮೆ ಅನ್ನುವುದು, ಮೂರನೇ ದಿನ ಮತ್ತೆ ಅದೇ. ಕೊನೆಗೆ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಹೊಟ್ಟೆ ಒತ್ತಿ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, "ಎಂತದೂ ಇಲ್ಲ" ಅಂದರು. ಜೊತೆಗೆ ಒಂದು ಮಾತು ಹೇಳಿದರು: "ಯಾವ ಹೊತ್ತಿಗೆ ನೋವು ಬರ್ತದೆ ಅಂತ ಬರೆದಿಡಿ."

ನನ್ನ ಹೆಂಡತಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿದಳು. ಎರಡು ವಾರದಲ್ಲಿ ಹನ್ನೊಂದು ಗುರುತು. ಅದರಲ್ಲಿ ಒಂಬತ್ತು ರಾತ್ರಿ ಎಂಟು, ಎಂಟೂಕಾಲರ ಹೊತ್ತಿಗೆ. ಅವಳು ಕ್ಯಾಲೆಂಡರಿನ ಫೋಟೋ ತೆಗೆದು ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದಳು: "ಇದು ನೀವು ಫೋನ್ ಇಡುವ ಹೊತ್ತು."

ನಮ್ಮ ಗಡಿಯಾರ ಅವರಿಗಿಂತ ಒಂದೂವರೆ ಗಂಟೆ ಹಿಂದೆ. ನಾನು ಡ್ಯೂಟಿ ಮುಗಿಸಿ ಆರೂವರೆಗೆ ಬೋಟಿಮ್‌ನಲ್ಲಿ ಕರೆ ಮಾಡಿದರೆ ಅಲ್ಲಿ ಎಂಟು ಗಂಟೆ. ಆ ಕರೆಯಲ್ಲಿ ಮಗಳಿಗೆ ನಾನು ಕೇಳುತ್ತಿದ್ದದ್ದು ಮೂರು ಮಾತು. "ಊಟ ಆಯ್ತಾ? ಅಮ್ಮನಿಗೆ ಉಪದ್ರ ಕೊಡ್ತೀಯಾ? ಸರಿ, ಅಮ್ಮನಿಗೆ ಫೋನ್ ಕೊಡು." ನಮ್ಮಲ್ಲಿ ಬಹಳ ಜನರ ಕರೆ ಹೀಗೇ ಇರುತ್ತದೆ ಎಂದು ನನ್ನ ಅಂದಾಜು.

ಹೊಟ್ಟೆಯಲ್ಲೇ ಯಾಕೆ?

ಮಗಳು ಸುಳ್ಳು ಹೇಳುತ್ತಿದ್ದಳಾ? ಇಲ್ಲ. ಅವಳಿಗೆ ನಿಜವಾಗಿಯೂ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಹೆದರಿಕೆ, ದುಃಖ, ತಳಮಳ ಬಂದಾಗ ಮೈಯಲ್ಲಿ ಅಡ್ರಿನಾಲಿನ್ ಮುಂತಾದ ರಸಗಳು ಏರುತ್ತವೆ, ಎದೆಬಡಿತ ಹೆಚ್ಚುತ್ತದೆ, ಹೊಟ್ಟೆ ಮತ್ತು ಕರುಳಿನ ಚಲನೆ ಏರುಪೇರಾಗುತ್ತದೆ. ಪರೀಕ್ಷೆಯ ದಿನ ನಮಗೂ ಹೊಟ್ಟೆ ಕಲಸುತ್ತಿತ್ತಲ್ಲ, ಅದೇ. ದೊಡ್ಡವರಿಗೆ ಅದು ಹೆದರಿಕೆ ಎಂದು ಗೊತ್ತಿರುತ್ತದೆ. ನಾಲ್ಕು ವರ್ಷದ ಮಗುವಿಗೆ ಗೊತ್ತಿರುವುದು ಹೊಟ್ಟೆಯ ಹೆಸರು ಮಾತ್ರ. ಗೊತ್ತಿರುವ ಹೆಸರನ್ನೇ ಅದು ಹೇಳುತ್ತದೆ.

ಯೋಚಿಸಿ ನೋಡಿದರೆ ನಮ್ಮ ಕನ್ನಡವೂ ಹಾಗೆಯೇ. ಅಸೂಯೆಗೆ ಹೊಟ್ಟೆಕಿಚ್ಚು ಅನ್ನುತ್ತೇವೆ. ಕನಿಕರವಾದರೆ ಕರುಳು ಚುರ್ ಅನ್ನುತ್ತದೆ. ಕೆಟ್ಟ ಸುದ್ದಿಗೆ ಎದೆ ಧಸಕ್ಕೆನ್ನುತ್ತದೆ. ಸಿಟ್ಟು ನೆತ್ತಿಗೇರುತ್ತದೆ. ಹಿಂದಿನವರು ಮನಸ್ಸಿನ ಮಾತನ್ನು ಮೈಯ ಮೇಲೇ ಬರೆದಿಟ್ಟಿದ್ದಾರೆ. ಮಗು ಅದನ್ನೇ ಓದುತ್ತಿದೆ, ಅಷ್ಟೇ. ಅದಕ್ಕೆ ಮುಂದಿನ ಅಕ್ಷರ ಕಲಿಸಬೇಕಾದವರು ನಾವು.

ಕಲಿಸುವ ಬದಲು ನಾವು ಮಾಡುವುದೇನು? ನಮ್ಮ ಕೌಂಟರಿನ ಎದುರು ದಿನವೂ ಅದನ್ನು ನೋಡುತ್ತೇನೆ. ಇಂಜೆಕ್ಷನ್ ಚುಚ್ಚಿಸಿಕೊಂಡು ಅಳುತ್ತ ಬರುವ ಮಗುವಿಗೆ ಮಲಯಾಳದಲ್ಲಿ, ಹಿಂದಿಯಲ್ಲಿ, ಅರಬ್ಬಿಯಲ್ಲಿ, ಕನ್ನಡದಲ್ಲಿ ಎಲ್ಲ ಅಪ್ಪ ಅಮ್ಮಂದಿರೂ ಹೇಳುವುದು ಒಂದೇ. "ಏನೂ ಆಗಿಲ್ಲ, ಅಳಬೇಡ." ಆದರೆ ಮಗುವಿಗೆ ಆಗಿದೆ! ನೋವಾಗಿದೆ, ಹೆದರಿಕೆಯಾಗಿದೆ, ನಂಬಿದ ಅಮ್ಮನೇ ಹಿಡಿದುಕೊಟ್ಟಳಲ್ಲ ಎಂದು ಸಿಟ್ಟೂ ಬಂದಿದೆ. ತನಗೆ ಆಗಿದ್ದಕ್ಕೂ ದೊಡ್ಡವರು ಹೇಳುವುದಕ್ಕೂ ತಾಳೆಯಾಗದಿದ್ದರೆ ಮಗು ಮುಂದಿನ ಸಲ ಹೇಳುವುದನ್ನೇ ಬಿಡುತ್ತದೆ.

ಬೀರುವಿನೊಳಗಿದ್ದ ಪುಸ್ತಕ

ಕ್ಯಾಲೆಂಡರಿನ ಫೋಟೋ ನೋಡಿದ ಮರುದಿನ, ಮಕ್ಕಳ ವಿಭಾಗದಲ್ಲಿದ್ದ ಕೇರಳದ ಒಬ್ಬ ಹಿರಿಯ ನರ್ಸ್ ಹತ್ತಿರ ಈ ವಿಷಯ ಹೇಳಿದೆ. ಅವರ ಮಕ್ಕಳೂ ಊರಿನಲ್ಲಿ ಅಜ್ಜಿಯ ಜೊತೆ ಬೆಳೆದವರು. ಅವರು ಏನೂ ಹೇಳದೆ ಒಂದು ಬೀರು ತೆರೆದರು. ಕೊರೋನಾ ಸೋಂಕಿನ ಹೆದರಿಕೆಯಿಂದ ಮಕ್ಕಳ ಆಟದ ಮೂಲೆಯಲ್ಲಿದ್ದ ಪುಸ್ತಕ, ಗೊಂಬೆಗಳನ್ನೆಲ್ಲ ಎತ್ತಿಟ್ಟಿದ್ದರು. ಅದರಿಂದ ಒಂದು ಚಿತ್ರಪುಸ್ತಕ ತೆಗೆದು, ಒರೆಸಿ, ನನ್ನ ಕೈಗೆ ಕೊಟ್ಟರು.

ಅದು 'ದಿ ಕಲರ್ ಮಾನ್‌ಸ್ಟರ್'. ಬಾರ್ಸಿಲೋನಾದ ಆನಾ ಯೇನಾಸ್ ಬರೆದು ಚಿತ್ರಿಸಿದ್ದು. ಸ್ಪ್ಯಾನಿಷ್‌ನಲ್ಲಿ 2012ರಲ್ಲಿ ಮೊದಲು ಬಂದದ್ದು. ಕಥೆ ಇಷ್ಟೇ: ಒಂದು ಭೂತದ ಮರಿಗೆ ಬೆಳಗ್ಗೆ ಎದ್ದಾಗ ಎಲ್ಲ ಬಣ್ಣ ಕಲಸಿಹೋಗಿ, ತನಗೆ ಏನಾಗುತ್ತಿದೆ ಎಂದೇ ತಿಳಿಯುವುದಿಲ್ಲ. ಒಬ್ಬಳು ಪುಟ್ಟ ಹುಡುಗಿ ಬಂದು ಒಂದೊಂದೇ ಬಣ್ಣ ಬಿಡಿಸಿ, ಬೇರೆ ಬೇರೆ ಗಾಜಿನ ಜಾಡಿಗಳಲ್ಲಿ ಹಾಕಿಡಲು ಕಲಿಸುತ್ತಾಳೆ. ಹಳದಿ ಸಂತೋಷಕ್ಕೆ, ನೀಲಿ ದುಃಖಕ್ಕೆ, ಕೆಂಪು ಸಿಟ್ಟಿಗೆ, ಹೀಗೆ.

ಕೌಂಟರಿನ ಹಿಂದೆ ನಿಂತು ಅದನ್ನು ಓದಿದ ನನಗೆ ನಗು ಬಂತು. ಜಾಡಿ, ಲೇಬಲ್, ಬೇರೆ ಬೇರೆ ಇಡುವುದು. ಇದು ನನ್ನದೇ ಕೆಲಸವಲ್ಲವೇ! ನಮ್ಮಲ್ಲಿ ಒಂದು ನಿಯಮವಿದೆ. ಲೇಬಲ್ ಕಿತ್ತುಹೋದ ಬಾಟ್ಲಿಯಲ್ಲಿ ಎಷ್ಟೇ ಬೆಲೆಯ ಔಷಧವಿದ್ದರೂ ಅದನ್ನು ರೋಗಿಗೆ ಕೊಡುವಂತಿಲ್ಲ. ಒಳಗಿರುವುದು ಕೆಟ್ಟದ್ದು ಎಂದಲ್ಲ, ಏನೆಂದು ಗೊತ್ತಿಲ್ಲ ಎಂದು. ಮಗಳ ಹೊಟ್ಟೆಯೊಳಗಿದ್ದದ್ದಕ್ಕೂ ಲೇಬಲ್ ಇರಲಿಲ್ಲ. ನಾನು ಅಂದಾಜಿನ ಮೇಲೆ ಔಷಧ ಕೊಡುತ್ತಿದ್ದೆ.

ಹೆಸರಿಟ್ಟರೆ ಏನಾಗುತ್ತದೆ ಎಂದು ಆಮೇಲೆ ಹುಡುಕಿ ಓದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಕ್ಯಾನಿಂಗ್ ಯಂತ್ರದೊಳಗಿದ್ದವರಿಗೆ ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿದರು. ಆ ಭಾವನೆಗೆ ಸರಿಯಾದ ಪದ ಆರಿಸಿದಾಗ, ಮಿದುಳಿನಲ್ಲಿ ಹೆದರಿಕೆಯ ಗಂಟೆ ಬಾರಿಸುವ ಅಮಿಗ್ಡಾಲಾ ಎಂಬ ಬಾದಾಮಿಯಾಕಾರದ ಭಾಗದ ಚಟುವಟಿಕೆ ತಗ್ಗಿತ್ತು. ಅದು ದೊಡ್ಡವರ ಮೇಲೆ ಮಾಡಿದ ಅಧ್ಯಯನ. ಆದರೆ "ಹೇಳಿಕೊಂಡ ಮೇಲೆ ಹಗುರಾಯಿತು" ಎಂದು ನಮ್ಮ ಹಿರಿಯರು ಅನ್ನುತ್ತಿದ್ದದ್ದೂ ಇದನ್ನೇ ಅಲ್ಲವೇ.

ಫೋನಿನಲ್ಲಿ ಹುಲಿ

ಆ ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತ, ಪುಟಗಳನ್ನು ಕ್ಯಾಮೆರಾಕ್ಕೆ ತೋರಿಸುತ್ತ ಓದತೊಡಗಿದೆ. ಮೊದಲ ಎರಡು ದಿನ ಅವಳು ಅರ್ಧಕ್ಕೇ ಎದ್ದು ಓಡಿದಳು. ತಪ್ಪು ನನ್ನದೇ. ನಾನು ಶಾಲೆಯ ಮೇಷ್ಟ್ರ ಹಾಗೆ ಓದುತ್ತಿದ್ದೆ. ನರ್ಸ್ ನಕ್ಕು, "ಓದಬೇಡಿ, ಕೇಳಿ" ಅಂದರು.

ಚಿತ್ರಪುಸ್ತಕವನ್ನು ಮಗುವಿನ ಜೊತೆ ಹೇಗೆ ಓದಬೇಕು ಎಂದು ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪರೀಕ್ಷಿಸಿ ನೋಡಿದ್ದರು. ಒಂದು ಗುಂಪಿನ ತಂದೆತಾಯಿ ಎಂದಿನಂತೆ ಓದಿ ಹೇಳಿದರು. ಇನ್ನೊಂದು ಗುಂಪಿನವರು "ಇಲ್ಲೇನಾಗ್ತಿದೆ?" ಎಂದು ಮಗುವನ್ನೇ ಕೇಳಿ, ಅದು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ಮುಂದುವರಿಸಿದರು. ಒಂದೇ ತಿಂಗಳಲ್ಲಿ ಎರಡನೇ ಗುಂಪಿನ ಮಕ್ಕಳ ಮಾತು ಹೆಚ್ಚು ಬೆಳೆದಿತ್ತು.

ನಾನೂ ಹಾಗೇ ಮಾಡಿದೆ. ಪುಟ ತೋರಿಸಿ ಸುಮ್ಮನಾಗುವುದು. "ಇವನ ಮುಖ ನೋಡು, ಎಂತ ಆಗಿರಬಹುದು?" ಅವಳು "ಅಳ್ತಾ ಇದ್ದಾನೆ" ಅಂದರೆ, "ಹೌದು, ಅಳ್ತಿದ್ದಾನೆ. ಬೇಜಾರಾಗಿದೆ. ಯಾಕೆ ಬೇಜಾರು?" ಅಂತ ಒಂದು ಎಳೆ ಸೇರಿಸುವುದು. ಕೊನೆಗೆ, "ನಿಂಗೆ ಹೀಗೆ ಯಾವಾಗ ಆಗಿತ್ತು?" ಈ ಕೊನೆಯ ಪ್ರಶ್ನೆಯನ್ನು ಮೊದಲೇ ಕೇಳಬಾರದು. ತನ್ನ ಬಗ್ಗೆ ಹೇಳಲು ಮಗುವಿಗೆ ಸಂಕೋಚ. ಚಿತ್ರದಲ್ಲಿರುವ ಮೊಲದ ಬಗ್ಗೆ, ಆನೆಯ ಬಗ್ಗೆ ಹೇಳಲು ಇಲ್ಲ. ಚಿತ್ರಪುಸ್ತಕದ ಗುಟ್ಟೇ ಇದು. ಮೊಲದ ನೆಪದಲ್ಲಿ ಮಗು ತನ್ನ ಮಾತು ಹೇಳುತ್ತದೆ.

ನಮ್ಮ ಕರಾವಳಿಯವರಿಗೆ ಇದು ಹೊಸದೇನಲ್ಲ. ಚಿಕ್ಕಂದಿನಲ್ಲಿ ಯಕ್ಷಗಾನದ ಬಯಲಿನಲ್ಲಿ ಬಣ್ಣದ ವೇಷ ಅಬ್ಬರಿಸುತ್ತ ಬಂದಾಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಒಂದು ಕಣ್ಣಿನಲ್ಲಿ ಇಣುಕಿ ನೋಡುತ್ತಿದ್ದೆ. ಹೆದರಿಕೆಯ ಪಾಠ ಅದು, ಹೆದರಿಕೆ ಬಂದು ಹೋಗುತ್ತದೆ ಎಂಬ ಪಾಠವೂ ಅದೇ. ಭರತನ ನಾಟ್ಯಶಾಸ್ತ್ರ ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು ಎಂದು ಒಂದೊಂದು ರಸಕ್ಕೆ ಒಂದೊಂದು ಬಣ್ಣ ಹೇಳಿದೆ. ಬಾರ್ಸಿಲೋನಾದ ಆ ಭೂತದ ಮರಿ ನನಗೆ ಪರಕೀಯ ಅನ್ನಿಸಲಿಲ್ಲ.

ಬೆಡ್‌ಸ್ಪೇಸಿನಲ್ಲಿ ಹುಲಿಯ ಹಾಗೆ ಗರ್ಜಿಸುವುದು ಮಾತ್ರ ಸುಲಭವಲ್ಲ. ಮೇಲಿನ ಮಂಚದಲ್ಲಿದ್ದ ಗದಗಿನ ಅಣ್ಣ ಎ.ಸಿ. ರಿಪೇರಿಯ ಕೆಲಸ ಮುಗಿಸಿ ಸುಸ್ತಾಗಿ ಬಂದು ಮಲಗಿರುತ್ತಿದ್ದರು. "ಏನ್ರೀ ಇದು, ದಿನಾ ಹುಲಿ ಕೂಗಸ್ತೀರಿ ರೂಮಿನ್ಯಾಗ" ಎಂದು ನಗುತ್ತಿದ್ದರು. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಮೇಲಿನಿಂದ ಮೆಲ್ಲಗೆ ಕೇಳಿದರು. "ನನ್ನ ಮಗಾ ಫೋನಿಗೆ ಬರಾಂಗಿಲ್ರೀ. ಬಂದ್ರೂ ಹೂಂ ಅಂತಾನ, ಅಷ್ಟ. ಆ ಪುಸ್ತಕ ನಂಗೂ ಕೊಡ್ತೀರೇನು?"

ಹೆಸರಿಲ್ಲದ ಡಬ್ಬಿ

ಪುಸ್ತಕದ ಜಾಡಿಗಳನ್ನು ನೋಡಿ ಮಗಳಿಗೆ ತನಗೂ ಬೇಕು ಅನ್ನಿಸಿತು. ಹೆಂಡತಿ ಅಡುಗೆಮನೆಯ ಐದು ಪ್ಲಾಸ್ಟಿಕ್ ಡಬ್ಬಿ ತೊಳೆದು ಕೊಟ್ಟಳು. ಖಾಲಿ ಔಷಧದ ಬಾಟ್ಲಿ ಬೇಡ ಎಂದು ನಾನೇ ಹೇಳಿದ್ದೆ. ಅದನ್ನು ಆಟದ ಸಾಮಾನು ಎಂದುಕೊಂಡ ಮಗು ನಾಳೆ ತುಂಬಿದ ಬಾಟ್ಲಿಗೂ ಕೈ ಹಾಕುತ್ತದೆ. ಪ್ರತಿ ಡಬ್ಬಿಗೂ ಒಂದು ಮುಖದ ಚಿತ್ರ, ಒಂದು ಹೆಸರು: ಖುಷಿ, ಬೇಜಾರು, ಸಿಟ್ಟು, ಹೆದರಿಕೆ, ನೆಮ್ಮದಿ. ದಿನದ ಕೊನೆಗೆ ಏನೇನಾಯಿತೋ ಆ ಡಬ್ಬಿಗೆ ಒಂದು ಬೀಜ ಹಾಕುವುದು. ಅಮ್ಮ ಗುಲಗಂಜಿ ತಂದರು. ನೋಡಲು ಚಂದವೇ. ಆದರೆ ಅದರಲ್ಲಿ ಅಬ್ರಿನ್ ಎಂಬ ಕಡುವಿಷವಿದೆ, ಮಗು ಜಗಿದು ನುಂಗಿದರೆ ಜೀವಕ್ಕೇ ಅಪಾಯ ಎಂದು ಹೇಳಿ ಬಿಸಾಡಿಸಿದೆ. ಹುಣಸೆ ಬೀಜ ಬಂತು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಅದೂ ಬೇಡ, ಗಂಟಲಿಗೆ ಸಿಕ್ಕಿಕೊಂಡೀತು. ಬಣ್ಣದ ಬಟ್ಟೆಯ ತುಂಡು ಸಾಕು.

ಬೇಜಾರಿನ ಡಬ್ಬಿ ಬೇಗ ತುಂಬಿತು. ಕೇಳುತ್ತಾ ಹೋದ ಹಾಗೆ ಗೊತ್ತಾಯಿತು, ನಮ್ಮ 'ಬೇಜಾರು' ದೊಡ್ಡ ಗೋಣಿಚೀಲ. ಆಡಲು ಯಾರೂ ಇಲ್ಲದಿದ್ದರೂ ಬೇಜಾರು, ಅಜ್ಜಿ ಗದರಿದರೂ ಬೇಜಾರು, ಬೆಕ್ಕಿನ ಮರಿ ಸತ್ತರೂ ಬೇಜಾರು. ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತಿದೆ: ಬೇಸರ, ಮುನಿಸು, ಕೊರಗು, ದುಗುಡ, ಕಸಿವಿಸಿ, ಮುಜುಗರ. ನಾವು ಬಳಸುವುದಿಲ್ಲ, ಆದ್ದರಿಂದ ಮಕ್ಕಳಿಗೆ ಸಿಗುವುದಿಲ್ಲ. ಒಂದೊಂದು ವಾರ ಒಂದೊಂದು ಪದ ಹೊರಗೆ ತೆಗೆದೆವು. 'ಮುನಿಸು' ಅವಳಿಗೆ ಬಹಳ ಇಷ್ಟವಾಯಿತು. "ಅಪ್ಪಾ, ನಂಗೆ ಸಿಟ್ಟಲ್ಲ, ಮುನಿಸು. ನೀನು ಕರೆದ್ರೆ ಬರ್ತೇನೆ" ಅಂದಿದ್ದಳು ಒಮ್ಮೆ.

ಒಂದು ದಿನ ಕರೆ ಮಾಡಿದಾಗ ಪಕ್ಕದಲ್ಲಿ ಆರನೇ ಡಬ್ಬಿ ಇತ್ತು. ಹೆಸರಿಲ್ಲ, ಚಿತ್ರವಿಲ್ಲ. ಒಳಗೆ ತುಂಬ ಬೀಜ.

"ಇದು ಯಾವುದು ಮಗಾ?"

"ಇದಕ್ಕೆ ಹೆಸರಿಲ್ಲ. ನೀನು ಫೋನ್ ಇಟ್ಟ ಮೇಲೆ ಆಗ್ತದಲ್ಲ, ಅದು."

ನನಗೆ ಮಾತು ಹೊರಡಲಿಲ್ಲ. ಹೆಂಡತಿಯೂ ಸುಮ್ಮನಿದ್ದಳು. ಬೇಜಾರು ಅಲ್ಲವಾ ಎಂದರೆ ಅಲ್ಲವಂತೆ. ಹೆದರಿಕೆಯೂ ಅಲ್ಲವಂತೆ. "ಖುಷಿಯೂ ಉಂಟು, ಅಳುವೂ ಉಂಟು" ಅಂದಳು. ಆಗ ಹಿಂದಿನಿಂದ, ವೀಳ್ಯಕ್ಕೆ ಸುಣ್ಣ ಹಚ್ಚುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದರು. "ಅದು ಹಂಬಲ ಮಗಾ. ನಿನ್ನ ಅಪ್ಪ ಹೋದ ಮೇಲೆ ನಂಗೂ ಆಗ್ತದೆ."

ಹತ್ತನೇ ತರಗತಿಯಲ್ಲಿ ಎಷ್ಟೋ ಸಲ ಓದಿದ ಪದ ಅದು. ಅರ್ಥ ಆದದ್ದು ಆ ಹೊತ್ತಿಗೆ. ಇಷ್ಟು ವರ್ಷ ನಾನು ಊರಿಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ನಾನು ಇಲ್ಲಿ ಆರಾಮ ಇದ್ದೇನೆ." ಮನೆಯವರು ಚಿಂತೆ ಮಾಡಬಾರದು ಎಂದು ನಾವೆಲ್ಲ ಹೇಳುವ ಮಾತು. ಆದರೆ ಮಗುವಿಗೆ ಅದು ಕೇಳಿಸುವುದು ಬೇರೆ ರೀತಿ: 'ನನಗೆ ಹೀಗೆಲ್ಲ ಆಗುತ್ತದೆ, ಅಪ್ಪನಿಗೆ ಏನೂ ಆಗುವುದಿಲ್ಲ.'

ಆ ದಿನ ಮೊದಲ ಸಲ ಹೇಳಿದೆ. "ನಂಗೂ ಉಂಟು ಮಗಾ, ಹಂಬಲ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಎಂತದೂ ಮಾಡ್ಲಿಕ್ಕೆ ಆಗುದಿಲ್ಲ. ಆಮೇಲೆ ಅನ್ನ ಇಡ್ತೇನೆ, ಸರಿಯಾಗ್ತದೆ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹಾಗಾದ್ರೆ ನಿಂಗೂ ಒಂದು ಡಬ್ಬಿ ಬೇಕು" ಅಂದಳು.

ಅಲ್ಲಿಗೆ ಹೊಟ್ಟೆನೋವು ಮಾಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿಧಾನವಾಗಿ ಕಡಿಮೆಯಾಯಿತು. ಕೆಲವು ದಿನ ಹೊಟ್ಟೆ ಹಿಡಿದುಕೊಂಡು ಅಮ್ಮನ ಹತ್ತಿರ ಬಂದು, "ನೋವಲ್ಲ, ಹಂಬಲ" ಅನ್ನುತ್ತಿದ್ದಳಂತೆ. ಅದಕ್ಕೆ ಔಷಧ ತೊಡೆಯ ಮೇಲೆ ಕೂರಿಸಿಕೊಳ್ಳುವುದು. ನಾನು ಊರಿಗೆ ಹೋದದ್ದು 2021ರ ಫೆಬ್ರವರಿಯಲ್ಲಿ.

ನೀವೂ ಮಾಡಬಹುದಾದದ್ದು

ಹತ್ತು ನಿಮಿಷ ಸಾಕು. ದಿನವೂ ಆಗದಿದ್ದರೆ ವಾರಕ್ಕೆ ಮೂರು ಸಲ. ಆದರೆ ಹೊತ್ತು ಒಂದೇ ಇರಲಿ. ಒಂದೂವರೆ ಗಂಟೆಯ ವ್ಯತ್ಯಾಸ ನೆನಪಿಡಿ, ನಾವು ಎಂಟಕ್ಕೆ ಕರೆ ಮಾಡಿದರೆ ಅಲ್ಲಿ ಮಗು ನಿದ್ದೆಗಣ್ಣಿನಲ್ಲಿರುತ್ತದೆ. ಚಿಕ್ಕ ಮಕ್ಕಳಿಗೆ ಫೋನ್ ತೋರಿಸಬಾರದಲ್ಲ ಎಂಬ ಅನುಮಾನ ಬೇಡ. ಹದಿನೆಂಟು ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡ ಎನ್ನುವ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2016ರ ಸಲಹೆಯಲ್ಲಿ ವಿಡಿಯೋ ಕರೆಗೆ ವಿನಾಯಿತಿ ಕೊಟ್ಟಿದೆ.

ವಯಸ್ಸಿಗೆ ತಕ್ಕಂತೆ ಕೇಳಿ. ಎರಡು ವರ್ಷದ ಮಗುವಿಗೆ ನಗುವ ಮುಖ, ಅಳುವ ಮುಖ ಸಾಕು. ಮೂರು, ನಾಲ್ಕಕ್ಕೆ ಸಿಟ್ಟೂ ಗುರುತು ಸಿಗುತ್ತದೆ. ಹೆದರಿದ ಮುಖಕ್ಕೂ ಬೆರಗಿನ ಮುಖಕ್ಕೂ ಮಕ್ಕಳು ಬಹಳ ಸಲ ತಪ್ಪುತ್ತಾರೆ, ಅದು ಸಹಜ. ನಾಚಿಕೆ, ಹೆಮ್ಮೆ, ತಪ್ಪು ಮಾಡಿದೆನಲ್ಲ ಎಂಬ ಅಳುಕು ತಿಳಿಯುವುದು ಇನ್ನೂ ತಡ. ಒಂದೇ ಹೊತ್ತಿಗೆ ಎರಡು ಭಾವನೆ ಇರಬಹುದು ಎಂಬುದು ಚೆನ್ನಾಗಿ ಅರ್ಥವಾಗಲು ಏಳೆಂಟು ವರ್ಷವಾಗಬೇಕು ಎನ್ನುತ್ತಾರೆ ತಿಳಿದವರು. ಕೆಲವು ಮಕ್ಕಳು ಅದಕ್ಕೆ ಮೊದಲೇ ಬೇರೆ ಡಬ್ಬಿ ಇಡುತ್ತಾರೆ.

ಪುಸ್ತಕ ಮುಗಿಸಿ ನೀತಿ ಹೇಳಬೇಡಿ. "ನೋಡಿದ್ಯಾ, ಸಿಟ್ಟು ಮಾಡಬಾರದು" ಅಂದಿರೋ, ಮುಂದಿನ ಸಲ ಮಗು ಪುಸ್ತಕದ ಹತ್ತಿರ ಬರುವುದಿಲ್ಲ. ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' 1963ರಲ್ಲಿ ಬಂದ ಪುಸ್ತಕ. ರಂಪ ಮಾಡಿ ಊಟವಿಲ್ಲದೆ ಕೋಣೆ ಸೇರಿದ ಹುಡುಗ, ಕಾಡುಪ್ರಾಣಿಗಳ ಊರಿಗೆ ಹೋಗಿ, ಅವುಗಳ ರಾಜನಾಗಿ ಕುಣಿದು, ಮನೆಗೆ ಬಂದಾಗ ಬಿಸಿ ಊಟ ಕಾಯುತ್ತಿರುತ್ತದೆ. ಯಾರೂ ಬುದ್ಧಿ ಹೇಳುವುದಿಲ್ಲ. ಸಿಟ್ಟು ಬಂದರೂ ಮನೆಯಲ್ಲಿ ಊಟ ಉಂಟು ಎಂದಷ್ಟೇ ಮಗುವಿಗೆ ತಿಳಿಯುತ್ತದೆ.

ಇಲ್ಲೇ ಮಕ್ಕಳನ್ನು ಬೆಳೆಸುತ್ತಿರುವವರಿಗೂ ಒಂದು ಮಾತು. ನಮ್ಮ ಮಕ್ಕಳಿಗೆ 'ಬೋರ್', 'ಆಂಗ್ರಿ', 'ಅಪ್‌ಸೆಟ್' ಶಾಲೆಯಲ್ಲಿ ಸಿಗುತ್ತವೆ. ಅದರಲ್ಲಿ ತಪ್ಪಿಲ್ಲ. ಆದರೆ ಅಜ್ಜಿಯ ಹತ್ತಿರ ದುಃಖ ಹೇಳಿಕೊಳ್ಳಲು ಅಜ್ಜಿಗೆ ತಿಳಿಯುವ ಮಾತು ಬೇಕು. ಕನ್ನಡವಾಗಲಿ, ತುಳುವಾಗಲಿ, ಬ್ಯಾರಿ, ಕೊಂಕಣಿಯಾಗಲಿ, ಮನೆಯಲ್ಲಿ ಆಡುವ ಭಾಷೆಯಲ್ಲೇ ಹೆಸರು ಕೊಡಿ.

ಇನ್ನೊಂದು, ಇದು ನನ್ನ ವೃತ್ತಿಯ ಮಾತು. ಎಲ್ಲ ಹೊಟ್ಟೆನೋವೂ ಮನಸ್ಸಿನದ್ದಲ್ಲ. ಮೊದಲು ಡಾಕ್ಟರಿಗೆ ತೋರಿಸಿ. ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು, ಹೊಟ್ಟೆಯ ಬಲಭಾಗದ ಕೆಳಗೆ ಹೆಚ್ಚುತ್ತ ಹೋಗುವ ನೋವು ಇದ್ದರೆ ಪುಸ್ತಕ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಮಗು ವಾರಗಟ್ಟಲೆ ಮಂಕಾಗಿ, ಆಟ ಊಟ ಬಿಟ್ಟರೆ ಮಕ್ಕಳ ತಜ್ಞರನ್ನೇ ಕಾಣಬೇಕು. ಮತ್ತೆ, ದಯವಿಟ್ಟು ನನ್ನ ಹಾಗೆ ಸಮುದ್ರದ ಈಚೆಯಿಂದ ಫೋನಿನಲ್ಲಿ ಔಷಧ ಬರೆಯಬೇಡಿ.

ಪೆಟ್ಟಿಗೆಯಲ್ಲಿ ಎರಡು ಪುಸ್ತಕ

ಕನ್ನಡದಲ್ಲಿ ಪುಸ್ತಕ ಎಲ್ಲಿವೆ ಎಂದು ಕೇಳುವವರಿಗೆ: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ಶುರುಮಾಡಿತು. ಅದರಲ್ಲಿ ಕನ್ನಡದ ಚಿತ್ರಪುಸ್ತಕಗಳು ಬೇಕಾದಷ್ಟಿವೆ. ಓದುವುದಕ್ಕೂ ಇಳಿಸಿಕೊಳ್ಳುವುದಕ್ಕೂ ದುಡ್ಡಿಲ್ಲ. ಫೋನೊಂದಿದ್ದರೆ ಸಾಕು. ಅವರದೇ ಪ್ರಕಟಣೆ, ವಿನಾಯಕ ವರ್ಮ ಅವರ 'ಆಂಗ್ರಿ ಅಕ್ಕು' ನನಗೆ ಇಷ್ಟವಾದದ್ದು. ಶಾಲೆಯಲ್ಲಿ ಜಗಳವಾಡಿದ ಹುಡುಗಿ, ವಿಷಯ ತಿಳಿದರೆ ಅಜ್ಜಿ ತಾತ ತನ್ನನ್ನು ಇನ್ನು ಪ್ರೀತಿಸದೆ ಹೋದರೆ ಎಂದು ಹೆದರುವ ಕಥೆ. ಚೆನ್ನೈನ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್ ಕೂಡ ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕ ತರುತ್ತವೆ. ಇಲ್ಲಿಯೇ ಇರುವ ಮಕ್ಕಳನ್ನು ಶಾರ್ಜಾದ ಮಕ್ಕಳ ಓದಿನ ಉತ್ಸವಕ್ಕೂ ಕರೆದುಕೊಂಡು ಹೋಗಿ. 2009ರಿಂದ ನಡೆಯುತ್ತಿದೆ. ಪುಟ ತಿರುಗಿಸುತ್ತ ನೆಲದ ಮೇಲೆ ಕೂತ ನೂರಾರು ಮಕ್ಕಳನ್ನು ನೋಡುವುದೇ ಒಂದು ಸಂತೋಷ.

ಸಂಘದ ಮುಂದೆ ನನ್ನದೊಂದು ಕೋರಿಕೆ. ಊರಿಗೆ ಹೋಗುವಾಗ ನಮ್ಮ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಖರ್ಜೂರ, ಸೆಂಟು, ಬಾಮು. ಬರುವಾಗ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ. ಬರುವಾಗ ಇನ್ನೆರಡು ಕನ್ನಡ ಚಿತ್ರಪುಸ್ತಕ ಹಾಕಿಕೊಳ್ಳೋಣ. ಎರಡೂ ಸೇರಿ ಒಂದು ಕಟ್ಟು ಹಪ್ಪಳದಷ್ಟೂ ಜಾಗ ಹಿಡಿಯುವುದಿಲ್ಲ. ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟರೆ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಸಿಗುತ್ತದೆ. ಕುಟುಂಬ ಇಲ್ಲಿರುವವರು ಮಕ್ಕಳಿಗೆ ಒಯ್ಯಲಿ. ಕುಟುಂಬ ಊರಲ್ಲಿರುವವರು ಕೋಣೆಗೆ ಒಯ್ದು ಫೋನಿನಲ್ಲಿ ಓದಲಿ. ಪುಸ್ತಕ ಓದಿ ಅಭ್ಯಾಸವಿಲ್ಲ ಎಂದು ಹಿಂಜರಿಯಬೇಡಿ. ಗದಗಿನ ಅಣ್ಣ ಏಳನೇ ತರಗತಿ ಮುಗಿಸಿದವರು. ಅವರು ಚಿತ್ರ ನೋಡಿ ಕಥೆ ತಾವೇ ಕಟ್ಟಿ ಹೇಳುತ್ತಾರೆ. ನನ್ನ ಹುಲಿಗಿಂತ ಅವರ ಹುಲಿ ಜೋರು. ಅವರ ಮಗ ಈಗ ಫೋನಿಗೆ ಬರುತ್ತಾನೆ. ಅವರಿಬ್ಬರ ನಡುವೆ ಓಡಾಡುವ ಪದ 'ಬ್ಯಾಸರ'. "ಇವತ್ತ ಎಷ್ಟು ಬ್ಯಾಸರ ಐತಿ, ಹಿಡಿಯಷ್ಟೋ ಚೀಲದಷ್ಟೋ?" ಎಂದು ಕೇಳುತ್ತಾರೆ. ಮಗ ಲೆಕ್ಕ ಹೇಳುತ್ತಾನೆ.

ನನ್ನ ಮಗಳು ಈಗ ದೊಡ್ಡವಳಾಗಿದ್ದಾಳೆ. ಅವಳ ಡಬ್ಬಿಗಳಲ್ಲಿ ಮೆಂತೆ, ಸಾಸಿವೆ ವಾಪಸು ಬಂದಿವೆ. ಆರನೆಯದನ್ನು ಮಾತ್ರ ಅಮ್ಮ ಎತ್ತಿಟ್ಟಿದ್ದಾರೆ.

ಇವತ್ತು ಕರೆ ಮಾಡುವಾಗ "ಊಟ ಆಯ್ತಾ?" ಎಂದು ಕೇಳಿ. ಅದು ನಮ್ಮ ಪ್ರೀತಿಯ ಮಾತು, ಬಿಡುವುದು ಬೇಡ. ಆದರೆ ಅಮ್ಮನಿಗೆ ಫೋನ್ ಕೊಡು ಎನ್ನುವ ಮೊದಲು ಒಂದು ಚಿತ್ರ ತೋರಿಸಿ, "ಇವನಿಗೆ ಎಂತ ಆಗಿರಬಹುದು?" ಎಂದೂ ಕೇಳಿ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ.